ಎಷ್ಟು ಮಳೆ ಅಂತಲ್ಲ, ಎಷ್ಟು ತಿಂಗಳು ಮಳೆಯಿಲ್ಲ ಅಂತ ಕೇಳಿ

ಜೂನ್ ಬಂತೆಂದರೆ ಸಸಿ ನೆಡುವ ಸಂಭ್ರಮ. ಲಾರಿಯಲ್ಲಿ ಬಂದ ಸಸಿ ಯಾವ ಸೀಮೆಯದ್ದು, ಹೋಗುತ್ತಿರುವುದು ಯಾವ ಸೀಮೆಯ ಮಣ್ಣಿಗೆ ಎಂದು ಕೇಳುವವರು ಕಡಿಮೆ. ಕೇಳಿದರೆ "ಅಲ್ಲಿ ಒಳ್ಳೆ ಮಳೆ ಸಾರ್" ಎಂಬ ಉತ್ತರ ಸಿಗುತ್ತದೆ.

ಮಳೆಯೇ ಎಲ್ಲ ನಿರ್ಧರಿಸುವುದಾದರೆ ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯೇ ಮೊದಲಿರಬೇಕಿತ್ತು. ಆದರೆ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಮರಜಾತಿಗಳು ಹೆಚ್ಚಿರುವುದು ಅಷ್ಟು ಮಳೆ ಬೀಳದ, ಘಟ್ಟದ ದಕ್ಷಿಣ ತುದಿಯ ಅಗಸ್ತ್ಯಮಲೆಯಲ್ಲಿ. ಅಲ್ಲಿಗೆ ಮುಂಗಾರೂ ಹಿಂಗಾರೂ ಸಿಗುತ್ತವೆ, ಒಣಗಾಲ ಎರಡು-ಮೂರು ತಿಂಗಳು ಮಾತ್ರ. ಘಟ್ಟದುದ್ದಕ್ಕೂ ಉತ್ತರಕ್ಕೆ ಬಂದಂತೆ ಅದು ಬೆಳೆಯುತ್ತಾ ಮುಂಬೈ ಹತ್ತಿರ ಏಳೆಂಟು ತಿಂಗಳಾಗುತ್ತದೆ, ಮರಜಾತಿಗಳೂ ಒಂದೊಂದೇ ಹಿಂದುಳಿಯುತ್ತವೆ. ನಿತ್ಯಹರಿದ್ವರ್ಣ ಮರದ ಸಸಿ ಸಾಯುವುದು ಜುಲೈನಲ್ಲಲ್ಲ, ಮಾರ್ಚ್-ಏಪ್ರಿಲ್‌ನಲ್ಲಿ.

ಒಣ ತಿಂಗಳು ಎಣಿಸುವ ಲೆಕ್ಕ ಸುಲಭ. ತಿಂಗಳ ಸರಾಸರಿ ಉಷ್ಣಾಂಶವನ್ನು ಎರಡರಿಂದ ಗುಣಿಸಿ. ಆ ತಿಂಗಳ ಮಳೆ (ಮಿ.ಮೀ.ಗಳಲ್ಲಿ) ಅದಕ್ಕಿಂತ ಕಡಿಮೆಯಿದ್ದರೆ ಅದು ಒಣ ತಿಂಗಳು. 25 ಡಿಗ್ರಿ ಇದ್ದರೆ ಗಡಿ 50 ಮಿ.ಮೀ. ಹತ್ತಿರದ ಮಳೆಮಾಪನ ಕೇಂದ್ರದ ಹತ್ತು ವರ್ಷದ ಅಂಕಿ ತೆಗೆದುಕೊಳ್ಳಿ, ಒಂದೇ ವರ್ಷದ್ದು ನಂಬಬೇಡಿ.

ಈ ಲೆಕ್ಕವನ್ನೂ ಮೀರುವ ಜಾಗಗಳಿವೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿನಲ್ಲಿ ಒಣಗಾಲ ಉದ್ದವೇ. ಆದರೂ ಬೇಸಿಗೆಯಲ್ಲಿ ಬತ್ತದ ಹಳ್ಳದ ಜೌಗಿನಲ್ಲಿ ಜಾಯಿಕಾಯಿ ಕುಟುಂಬದ ರಾಮಪತ್ರೆಯ ದಾಯಾದಿ ಮರಗಳು ಉಳಿದುಕೊಂಡಿವೆ. ಕೆಸರಿನೊಳಗೆ ಗಾಳಿಯಿಲ್ಲ, ಹಾಗಾಗಿ ಬೇರುಗಳು ಮಂಡಿ ಮಡಚಿದಂತೆ ಮೇಲೆದ್ದು ಉಸಿರಾಡುತ್ತವೆ. 2000ದಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ, ಗೇರು ಕುಟುಂಬದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ಇರುವುದೂ ಇಂಥ ಜೌಗಿನಲ್ಲೇ. ಸಿಂಗಳೀಕಗಳ ಉತ್ತರದ ಗಡಿಯೂ ಈ ಸುತ್ತಿನಲ್ಲೇ ಬರುತ್ತದೆ. ಫೆಬ್ರವರಿಯಲ್ಲಿ ಮೇಲಿನಿಂದ ತೋಟಕ್ಕೆ ಪಂಪ್ ಹಚ್ಚಿ ಹಳ್ಳ ಬರಿದು ಮಾಡಿದರೆ ಅಲ್ಲಿಗೆ ಮುಗಿಯಿತು, ಕೊಡಲಿಯೇ ಬೇಡ. ಮತ್ತೆ ಬೆಳೆಸೋಣವೆಂದರೆ ಈ ಜೌಗಿನ ಮರಗಳ ಬೀಜ ಒಣಗಿಸಿಡಲು ಬರುವುದಿಲ್ಲ. ಬಿದ್ದ ಕೆಲವೇ ದಿನಗಳಲ್ಲಿ ಒದ್ದೆ ಮರಳಲ್ಲಿ, ನೆರಳಲ್ಲಿ ಹಾಕಬೇಕು.

ಇನ್ನು ಬಯಲುಸೀಮೆ. ಚಳ್ಳಕೆರೆ ಕಡೆಯ ಕಾವಲು, ಅಂದರೆ ದನ ಮೇಯುವ ಹುಲ್ಲುಬಯಲು, ಕಂಡ ಕೂಡಲೇ "ಬರಡು, ಹಸಿರು ಮಾಡೋಣ" ಎನ್ನುವವರ ಮೇಲೆ ನನಗೆ ತಾಳ್ಮೆಯಿಲ್ಲ. ಮರವಿಲ್ಲದ್ದು ಕಾವಲಿನ ಕೊರತೆಯಲ್ಲ, ಅದರ ಸ್ವಭಾವ. ಕೃಷ್ಣಮೃಗ ದೂರದಿಂದಲೇ ಶತ್ರುವನ್ನು ನೋಡಿ ಓಡಿ ಬದುಕುವ ಪ್ರಾಣಿ. ದೊರೆವಾಳ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ನೀವು ನೆಟ್ಟ ಮರದ ಮೇಲೆ ಕೂತ ಕಾಗೆಗೆ ಆ ಮೊಟ್ಟೆ ಚೆನ್ನಾಗಿ ಕಾಣುತ್ತದೆ! ಅಲ್ಲಿ ಗುಂಡಿ ತೋಡದಿರುವುದೇ ಕೆಲಸ.

ಕಾವಲು ಬಿಟ್ಟು, ಹಿಂದೆ ಕಾಡಿದ್ದು ಬೋಳಾದ ಕಲ್ಲುಗುಡ್ಡಗಳಿದ್ದರೆ ಅಲ್ಲಿಗೆ ಒಣಸೀಮೆಯ ಕಮರ ಮರ ಸರಿ. ಆದರೆ ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಲ್ಲ. ಕಮರ ಎಲೆಗಿಂತ ಮೊದಲು ಬೇರನ್ನು ಆಳಕ್ಕೆ ಇಳಿಸುತ್ತದೆ. ಚೀಲದ ತಳ ಮುಟ್ಟಿದ ತಾಯಿಬೇರು ಸುರುಳಿ ಸುತ್ತಿಕೊಂಡರೆ ನೆಟ್ಟ ಮೇಲೆ ನೀರು ಹುಡುಕಿ ಕೆಳಗಿಳಿಯಲಾರದು, ಮೊದಲ ಬೇಸಿಗೆಗೇ ಒಣಗುತ್ತದೆ. ಮಳೆ ಹಿಡಿದ ಮೇಲೆ ಬೀಜವನ್ನೇ ನೇರ ನೆಲಕ್ಕೆ ಬಿತ್ತಿ, ಮೊದಲ ಕೆಲವು ವರ್ಷ ಆಡು-ಕುರಿ ಬಾಯಿ ಹಾಕದಂತೆ ಮುಳ್ಳು ಕಟ್ಟಿ.