ಹಳೇ ಮನೆ ಅಂದ ತಕ್ಷಣ ಫ್ರೀ ಇನ್ಸುಲೇಶನ್ ಸಿಗಲ್ಲ

ಇಂಗ್ಲೆಂಡಲ್ಲಿ ಹಳೇ ಮನೆ ಇರೋರಿಗೆಲ್ಲ ಸರ್ಕಾರ ಫ್ರೀಯಾಗಿ ಇನ್ಸುಲೇಶನ್ (ಮನೆ ಬಿಸಿ ಹೊರಗೆ ಹೋಗದ ಹಾಗೆ ಗೋಡೆ, ಚಾವಣಿಗೆ ಹಾಕೋ ಪದರ) ಮಾಡ್ಕೊಡತ್ತೆ ಅಂತ ಫಾರ್ವರ್ಡ್ ಓಡಾಡ್ತಿದೆ, ತಪ್ಪು. ಎನರ್ಜಿ ಕಂಪನಿಗಳ ಕೈಲಿ ಈ ಕೆಲಸ ಮಾಡಿಸೋ ಸರ್ಕಾರದ ಇಸಿಒ4 ಸ್ಕೀಮಲ್ಲಿ ಮನೆ ವಯಸ್ಸು ಲೆಕ್ಕಕ್ಕಿಲ್ಲ, ಮುಖ್ಯವಾಗಿ ಕಮ್ಮಿ ಆದಾಯದೋರಿಗೆ, ಸರ್ಕಾರದಿಂದ ಬೆನಿಫಿಟ್ (ಸಹಾಯಧನ) ತಗೊಳೋರಿಗೆ, ಅದೂ ಸ್ವಂತ ಮನೆ ಎನರ್ಜಿ ರೇಟಿಂಗ್ (ಎ ಅಂದ್ರೆ ಬೆಸ್ಟ್, ಜಿ ಅಂದ್ರೆ ಕೊನೇದು) ಡಿ ಅಥವಾ ಅದಕ್ಕಿಂತ ಕೆಳಗಿದ್ರೆ. ದುಡ್ಡು ಹಾಕೋದು ಎನರ್ಜಿ ಕಂಪನಿಗಳು, ಅಂದ್ರೆ ಸುತ್ತಿ ಬಳಸಿ ನಮ್ಮ ಬಿಲ್ಲಿಂದಾನೇ ಬಿಡಿ. ಆದಾಯ ನೋಡದೆ ಸಿಗೋದು ವ್ಯಾಟ್ ಮಾಫಿ, 2027 ಮಾರ್ಚ್ 31ರ ತನಕ ಕಂಪನಿಯವರೇ ಬಂದು ಹಾಕಿದ್ರೆ ಸೊನ್ನೆ, ನೀವೇ ಅಂಗಡಿಯಿಂದ ರೋಲ್ ತಂದು ಹಾಕ್ಕೊಂಡ್ರೆ 20% ಕಟ್ಟಬೇಕು.

ಇನ್ನೊಂದು, 1920ಕ್ಕಿಂತ ಹಳೇ ಮನೆಗಳ ಗೋಡೆ ಸಾಮಾನ್ಯವಾಗಿ ಗಟ್ಟಿ ಇಟ್ಟಿಗೇದು, ನಡುವೆ ಗ್ಯಾಪೇ ಇರಲ್ಲ. ಹೊರಗಡೆ ಒಂದೇ ಸಾಲಲ್ಲಿ ಉದ್ದ ಇಟ್ಟಿಗೆ, ಗಿಡ್ಡ ಇಟ್ಟಿಗೆ ಒಂದಾದ್ಮೇಲೊಂದು ಕಾಣ್ತಿದ್ರೆ ಹೆಚ್ಚುಕಮ್ಮಿ ಅದೇ. ಬಾಗಿಲು ತಟ್ಟಿ ಕ್ಯಾವಿಟಿ, ಅಂದ್ರೆ ಗೋಡೆ ನಡುವಿನ ಗ್ಯಾಪ್, ತುಂಬಿಸ್ತೀವಿ ಅನ್ನೋನಿಗೆ ಎಲ್ಲಿಗೆ ತುಂಬಿಸ್ತೀಯಪ್ಪಾ ಅಂತ ಕೇಳಿ.