ಮರ ಅಳೆಯುವುದು ಸುಲಭ, ಓದುವುದು ಕಷ್ಟ

ಹಳ್ಳಿಗಾಡಿನಲ್ಲಿ ಮರದ ಸರ್ವೆ (ಮರಗಳನ್ನು ಅಳೆದು, ಆರೋಗ್ಯ ನೋಡಿ ವರದಿ ಬರೆಯುವ ಕೆಲಸ) ಎಂದರೆ ಹಸಿರಿನ ನಡುವೆ ಆರಾಮದ ಓಡಾಟ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಓದಿ ನಗು ಬಂತು. ಓಡಾಟವೇನೋ ನಿಜ. ಆದರೆ ಪ್ರತಿ ಮರಕ್ಕೂ ನೆಲದಿಂದ 1.3 ಮೀಟರ್ ಎತ್ತರದಲ್ಲಿ (ಕೆಲವು ದೇಶಗಳಲ್ಲಿ 1.37) ಟೇಪು ಸುತ್ತಬೇಕು. ಇಳಿಜಾರಾದರೆ ಮೇಲಿನ ಬದಿಯಿಂದ ಅಳೆಯಬೇಕು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಕ್ಕಿತು. ಇದು ಸುಲಭದ ಭಾಗ.

ತಲೆನೋವು ಇರುವುದು ಮರದ ಆರೋಗ್ಯ ಹೇಳುವುದರಲ್ಲಿ. ಮೇಲೆ ಎಲೆ ತುಂಬಿ ನಳನಳಿಸುತ್ತಿರುತ್ತದೆ, ಬುಡದಲ್ಲಿ ನೋಡಿದರೆ ಅಣಬೆ ಎದ್ದಿರುತ್ತದೆ. ಸುತ್ತಿಗೆಯಿಂದ ಕಾಂಡ ಬಡಿದರೆ ಖಾಲಿ ಡಬ್ಬ ಬಡಿದ ಹಾಗೆ ಸದ್ದು. ಒಳಗೆ ಪೊಳ್ಳು! ಹಾಗಂತ ಕೂಡಲೇ ಕಡಿಯಿರಿ ಎನ್ನಲು ಆಗುವುದಿಲ್ಲ. ಪೊಳ್ಳಿನ ಸುತ್ತ ಗಟ್ಟಿ ಭಾಗ ಎಷ್ಟು ದಪ್ಪ ಉಳಿದಿದೆ, ಬಿದ್ದರೆ ದಾರಿಯ ಮೇಲೋ ಮನೆಯ ಮೇಲೋ ಎಂದೂ ನೋಡಬೇಕು. ಒಳಗೆ ಗೂಬೆಯೋ ಬಾವಲಿಯೋ ಇದ್ದರಂತೂ ವರದಿ ಬರೆಯಲು ಕೈಯೇ ಬರುವುದಿಲ್ಲ.

ಈ ಕೆಲಸದವರ ಹವ್ಯಾಸವೂ ಮರದ ಸುತ್ತಲೇ ಇರುತ್ತದೆ ಎಂದು ನೀವು ಬರೆದಿದ್ದು ಮಾತ್ರ ಸರಿಯಾಗಿದೆ. ನನ್ನ ಜೊತೆಯವರೊಬ್ಬರು ಬಿದ್ದ ಕೊಂಬೆಗಳಿಂದ ಸೌಟು ಕೆತ್ತುತ್ತಾರೆ. ನಾನು ತೊಗಟೆಗಳ ಚಿತ್ರ ಬಿಡಿಸುತ್ತೇನೆ. ರಜೆಯಲ್ಲೂ ಮರವೇ ಅಲ್ವಾ ಎಂದು ಮನೆಯಲ್ಲಿ ರೇಗಿಸುತ್ತಾರೆ.