ಹೆರಿಗೆಯಾದ ಮೇಲಿನ ಆ ಒಂದು ಗಂಟೆ

"ಹೆರಿಗೆ ಆಯ್ತು, ಇಬ್ರೂ ಆರಾಮ್" ಅಂತ ವಾಟ್ಸಾಪ್‌ಗೆ ಹಾಕಲು ನಮ್ಮವರಿಗೆ ಎಷ್ಟು ಅವಸರ! ಮಾಸು ಬಿದ್ದು ಹತ್ತು ನಿಮಿಷವೂ ಆಗಿರುವುದಿಲ್ಲ. ಹೊರಗೆ ಮಗುವಿನ ಮೂಗು ಯಾರದ್ದು, ಬಣ್ಣ ಯಾರದ್ದು ಎಂಬ ಚರ್ಚೆ. ಒಳಗೆ ಬಾಣಂತಿ ಒಬ್ಬಳೇ. ಲೇಬರ್ ರೂಮಿನಲ್ಲಿ ಕೆಲಸ ಮಾಡಿದವಳಾಗಿ ಹೇಳ್ತೀನಿ, ನಮಗೆ ನಿಜವಾದ ಭಯ, ರಕ್ತಸ್ರಾವದ ಭಯ, ಶುರುವಾಗುವುದೇ ಆಗ.

ಮನೆಯಲ್ಲಿ ಹೆರಿಗೆ ಬೇಡ, ಆಸ್ಪತ್ರೆಗೆ ಬನ್ನಿ ಅಂದ್ವಿ. ಜನ ಬಂದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ಆದರೂ 2018–20ರ ಲೆಕ್ಕದಲ್ಲಿ ಲಕ್ಷ ಜನನಕ್ಕೆ ನಮ್ಮಲ್ಲಿ 69 ತಾಯಂದಿರ ಸಾವು, ಪಕ್ಕದ ಕೇರಳದಲ್ಲಿ 19. ಬಾಗಿಲ ತನಕ ಕರೆತಂದದ್ದಾಯಿತು, ಒಳಗಿನ ಕೆಲಸ ಬಾಕಿ ಇದೆ.

ಹೆರಿಗೆಯಾದ ಮೇಲೆ ಗರ್ಭಕೋಶ ಕ್ರಿಕೆಟ್ ಬಾಲ್ ಥರ ಗಟ್ಟಿಯಾಗಬೇಕು. ಹೊಟ್ಟೆ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ. ಮೆತ್ತಗಿದ್ದರೆ ರಕ್ತ ನಿಲ್ಲುವುದಿಲ್ಲ. ಎಷ್ಟು ಹೋಯಿತು ಅಂತ ಹೇಳುವವರು ಯಾರು? ಅರ್ಧ ಬಟ್ಟೆಯಲ್ಲಿ, ಅರ್ಧ ಬಕೆಟ್‌ನಲ್ಲಿ, ಉಳಿದದ್ದು ನೆಲದಲ್ಲಿ. "ನಾರ್ಮಲ್ ಬ್ಲೀಡಿಂಗ್ ರೀ" ಅಂತ ಕಣ್ಣಂದಾಜಿನಲ್ಲೇ ಮುಗಿಯುತ್ತದೆ.

ಈ ಅಂದಾಜಿನ ಬಂಡವಾಳ ಬಯಲು ಮಾಡಿದ್ದು ನಮ್ಮ ಬೆಳಗಾವಿ! ಅಲ್ಲಿನ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಹೆರಿಗೆಯಾದವಳ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಅದರ ತುದಿಯಲ್ಲಿ ಅಳತೆಯ ಗೆರೆ ಇರುವ ಚೀಲ. ಹೋಲಿಸಿ ನೋಡಿದರೆ ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಬಂತು. ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂಗಳು (ಹಳ್ಳಿಯ ಆರೋಗ್ಯ ಸಹಾಯಕಿಯರು) 1,620 ಹೆರಿಗೆಗಳಲ್ಲಿ ಗರ್ಭಕೋಶ ಬಿಗಿಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 2006ರಲ್ಲಿ ಬಂದ ಕೆಲಸ ಇದು. ನಮ್ಮ ಎಷ್ಟು ಜನಕ್ಕೆ ಗೊತ್ತು?

2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥದೇ ಹಾಳೆ ಹಾಸಿ, ರಕ್ತ ಗೆರೆ ದಾಟಿದ ತಕ್ಷಣ ಗರ್ಭಕೋಶದ ಮಸಾಜ್, ಗರ್ಭಕೋಶ ಬಿಗಿಯುವ ಆಕ್ಸಿಟೋಸಿನ್, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ ಎಲ್ಲ ಒಟ್ಟಿಗೇ ಶುರು ಮಾಡಿದರು. ತೀವ್ರ ರಕ್ತಸ್ರಾವದ ಅನಾಹುತ ಶೇ. 60ರಷ್ಟು ತಗ್ಗಿತು. ಔಷಧ ಯಾವುದೂ ಹೊಸದಲ್ಲ, ಹೊತ್ತಿಗೆ ಸರಿಯಾಗಿ ಕೊಟ್ಟರು ಅಷ್ಟೇ.

ನಮ್ಮ ಗರ್ಭಿಣಿಯರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅಂಥವಳಿಗೆ ಅರ್ಧ ಲೀಟರ್ ರಕ್ತ ಹೋಗುವ ತನಕ ಕಾಯುವುದೇ ತಪ್ಪು. ನಾಡಿ, ಬಿಪಿ ಏರುಪೇರಾದರೆ 300 ಮಿ.ಲೀ.ಗೇ ಚಿಕಿತ್ಸೆ ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2025ರಲ್ಲಿ ಹೇಳಿದೆ. ಆದರೆ ರಾತ್ರಿ ಪಾಳಿಯಲ್ಲಿ ಮೂರು ಟೇಬಲ್‌ಗೆ ಒಬ್ಬಳೇ ಸಿಸ್ಟರ್ ಇದ್ದರೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ ನೋಡುವವರು ಯಾರು? (ಆ ಸಿಸ್ಟರ್ ಮೇಲೇ ರೇಗುವವರಿಗೆ ಇದು ಗೊತ್ತಿರಲಿ.) ಹೊಸ ಕಟ್ಟಡಕ್ಕಾದರೆ ಟೇಪ್ ಕತ್ತರಿಸಲು ಸಾಲುಗಟ್ಟುತ್ತಾರೆ, ಪ್ಲಾಸ್ಟಿಕ್ ಹಾಳೆಗೆ ಯಾರು ಬರ್ತಾರೆ?

ಮನೆಯವರೇ, ಫೋಟೋಗೆಂದು ಮಗುವನ್ನು ಹೊರಗೆ ಕೇಳಬೇಡಿ. ತಾಯಿಯ ಎದೆ ಮೇಲೆ ಬೆಚ್ಚಗಿರಲಿ, ಮೊಲೆ ಚೀಪಲಿ. ಚೀಪಿದಾಗ ಅವಳ ದೇಹದಲ್ಲೇ ಆಕ್ಸಿಟೋಸಿನ್ ಸ್ರವಿಸಿ ಗರ್ಭಕೋಶ ಬಿಗಿಯಾಗುತ್ತದೆ. ಪ್ಯಾಡ್ ಬೇಗ ಬೇಗ ನೆನೆದರೆ, ತಲೆಸುತ್ತು ಅಂದರೆ ಕೂಗಿ ಕರೆಯಿರಿ. ನಿಮ್ಮ ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಪರಿಚಯದವರಿದ್ದರೆ ಎರಡೇ ಪ್ರಶ್ನೆ ಕೇಳಿ: ಅಳತೆಯ ಹಾಳೆ ಇದೆಯಾ? ರಾತ್ರಿ ಲೇಬರ್ ರೂಮಿಗೆ ಎಷ್ಟು ಜನ ಸಿಸ್ಟರ್?